ಮೊದಲು ಹೊಳೆ, ಆಮೇಲೆ ರಾಡ್

ಪುಟ್ಟಿ, ನೀನು ಕಳಿಸಿದ ಪಟ್ಟಿ ನೋಡಿದೆ. ಮೀನು ಹಿಡಿಯುವ ರಾಡ್‌ಗಳ ಹೆಸರು, ಉದ್ದ, ಬೆಲೆ ಎಲ್ಲ ಚೆನ್ನಾಗಿ ಬರೆದಿದ್ದೀಯ. ಯಾವ ಹೊಳೆಗೆ ಇಳಿಯುತ್ತೀಯ ಅನ್ನುವುದನ್ನು ಮಾತ್ರ ಬರೆದಿಲ್ಲ. ಅದು ಗೊತ್ತಿಲ್ಲದೆ ಮಾವ ಏನು ಹೇಳಲಿ? ಎರಡು ಕೈಯ ರಾಡ್ ಕೊಳ್ಳುವವರು ಮೊದಲು ಹೊಳೆ ಗೊತ್ತುಮಾಡಿಕೊಳ್ಳಬೇಕು, ಆಮೇಲೆ ಲೈನ್, ಕೊನೆಗೆ ರಾಡ್. ಅಂಗಡಿಯಲ್ಲಿ ಇದನ್ನು ತಿರುವುಮುರುವು ಮಾಡಿ ಹೇಳುತ್ತಾರೆ, ಯಾಕೆಂದರೆ ದುಬಾರಿ ಸಾಮಾನು ರಾಡೇ.

ಇಷ್ಟುದ್ದದ ರಾಡ್ ಯಾಕೆ ಬಂತು ಅಂತ ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಫ್ಲೈ ಅಂದರೆ ಗರಿ, ಕೂದಲು ಸುತ್ತಿದ ಕೊಕ್ಕೆ. ಅದಕ್ಕೆ ತೂಕವೆಂಬುದೇ ಇಲ್ಲ, ಅದನ್ನು ಹೊತ್ತೊಯ್ಯುವುದು ಲೈನಿನ ತೂಕ. ಒಂದು ಕೈಯ ರಾಡಿನಲ್ಲಾದರೆ ಲೈನನ್ನು ಬೆನ್ನ ಹಿಂದೆ ಪೂರ್ತಿ ಚಾಚಿ ಮುಂದಕ್ಕೆ ಬೀಸಬೇಕು. ಹಿಂದೆ ಮರವಿದ್ದರೆ ಫ್ಲೈ ಮರಕ್ಕೇ ಅರ್ಪಣೆ. ಸ್ಕಾಟ್ಲೆಂಡಿನ ಸ್ಪೇ ನದಿಯ ಕಡೆಯವರು 19ನೇ ಶತಮಾನದಲ್ಲಿ ಇದಕ್ಕೊಂದು ಉಪಾಯ ಕಂಡುಕೊಂಡರು. ಲೈನಿನ ತುದಿಯನ್ನು ಪಕ್ಕದ ನೀರಿಗೆ ತಾಗಿಸಿ, ಭುಜದ ಹಿಂದೆ ಒಂದು ಕಮಾನು ಮಾಡಿ, ಅಲ್ಲಿಂದಲೇ ಎಸೆಯುವುದು. ಆಗಿನ ಗ್ರೀನ್‌ಹಾರ್ಟ್ ಮರದ ರಾಡ್‌ಗಳಲ್ಲಿ 18 ಅಡಿಯವೂ ಇದ್ದವು. ದಿನವಿಡೀ ಹಿಡಿಯಲು ಪೈಲ್ವಾನನೇ ಬೇಕು. ಈಗಿನ ಕಾರ್ಬನ್ ರಾಡಿಗೆ ಆ ಉದ್ದವೂ ಬೇಡ, ಆ ತೋಳೂ ಬೇಡ.

ಟೇ, ಸ್ಪೇ, ನಾರ್ವೆಯ ದೊಡ್ಡ ಹೊಳೆಗಳಲ್ಲಿ ಅಟ್ಲಾಂಟಿಕ್ ಸಾಲ್ಮನ್ ಹಿಂದೆ ಹೋಗುವವರಿಗೆ ಇವತ್ತಿಗೂ 14–15 ಅಡಿಯ, 9 ಅಥವಾ 10ನೇ ನಂಬರಿನ ರಾಡ್ ಸರಿ. ನೀನಿರುವುದು ಸಿಯಾಟಲ್‌ನಲ್ಲಿ, ನಿನ್ನ ಮನಸ್ಸಿರುವುದು ಸ್ಟೀಲ್‌ಹೆಡ್ ಮೀನಿನ ಮೇಲೆ. ಸ್ಕೈಕೋಮಿಷ್, ಸ್ಕ್ಯಾಜಿಟ್, ಒರೆಗಾನ್‌ನ ಡೆಶೂಟ್ಸ್ – ಇವುಗಳಿಗೆ ಒಂದೇ ರಾಡ್ ಅಂದರೆ 13 ಅಡಿಯ 7ನೇ ನಂಬರ್. ಚಿನೂಕ್ ಸಾಲ್ಮನ್ ಬೇಕೆಂದರೆ ಮಾತು ಬೇರೆ, ಅದಕ್ಕೆ 9 ಬೇಕು. ನಿನ್ನ ಪಟ್ಟಿಯಲ್ಲಿ 11 ಅಡಿಯ ‘ಸ್ವಿಚ್’ ರಾಡ್ ಎರಡಿವೆ, ಒಂದು ಕೈಗೂ ಆಗುತ್ತದೆ, ಎರಡು ಕೈಗೂ ಆಗುತ್ತದೆ ಅಂತ. ಮೊದಲ ರಾಡಾಗಿ ಅದು ಬೇಡವೇ ಬೇಡ. ರಾಡ್ ಗಿಡ್ಡವಾದಷ್ಟೂ ಕೈಯ ಸಣ್ಣ ತಪ್ಪೂ ಲೈನಿನಲ್ಲಿ ದೊಡ್ಡದಾಗಿ ಕಾಣುತ್ತದೆ. ಉದ್ದನೆಯದು ಸ್ವಲ್ಪ ಕ್ಷಮಿಸುತ್ತದೆ.

ಈ ನಂಬರಿನ ವಿಷಯದಲ್ಲಿ ಮೋಸಹೋಗುವವರೇ ಹೆಚ್ಚು. ರಾಡಿನ ನಂಬರ್ ಸೂಚಿಸುವುದು ಅದಕ್ಕೆ ಒಪ್ಪುವ ಲೈನಿನ ತೂಕವನ್ನು, ಆ ತೂಕವನ್ನು ಗ್ರೇನ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಕೈಯ 7ನೇ ನಂಬರ್ ಲೈನಿನ ಮೊದಲ 30 ಅಡಿ ತೂಗುವುದು 185 ಗ್ರೇನ್. ಎರಡು ಕೈಯ 7ನೇ ನಂಬರ್ ರಾಡ್ ಕೇಳುವುದು 500 ಗ್ರೇನ್ ಆಸುಪಾಸಿನ ಲೈನ್. ಅಂಕೆ ಅದೇ, ತೂಕ ಎರಡೂವರೆ ಪಟ್ಟಿಗೂ ಮೇಲೆ. ಹಾಗಾಗಿ ನಂಬರ್ ಬಿಡು, ಈ ರಾಡಿಗೆ ಎಷ್ಟರಿಂದ ಎಷ್ಟು ಗ್ರೇನ್ ಹಿಡಿಸುತ್ತದೆ ಅಂತ ಕೇಳು. ಉತ್ತರ ಕೊಡಲು ತಡವರಿಸುವ ಅಂಗಡಿಯಲ್ಲಿ ಟೋಪಿ ಕೊಂಡು ಹೊರಗೆ ಬಾ.

ಲೈನಿನಲ್ಲೂ ಎರಡು ಜಾತಿ. ಚಳಿಗಾಲದಲ್ಲಿ ನೀರು ಕೊರೆಯುತ್ತಿರುತ್ತದೆ, ಮೀನು ತಳ ಬಿಟ್ಟು ಏಳುವುದಿಲ್ಲ, ಫ್ಲೈಯನ್ನೇ ಅದರ ಮಟ್ಟಕ್ಕೆ ಇಳಿಸಬೇಕು. ಅಡಿಗೆ 11 ಗ್ರೇನ್ ತೂಗುವ ಮುಳುಗುವ ತುದಿ ಕಟ್ಟಿ, ದಪ್ಪ ಫ್ಲೈ ಹಾಕಿ ಎಸೆಯಲು ಗಿಡ್ಡನೆಯ, ದಪ್ಪನೆಯ ಸ್ಕ್ಯಾಜಿಟ್ ಲೈನ್ ಬೇಕು. ಹೆಸರೇ ಹೇಳುವಂತೆ ಇದು ನಿನ್ನೂರಿನ ಕಡೆಯ ಹೊಳೆಯಲ್ಲೇ ರೂಪಾದದ್ದು. ಬೇಸಿಗೆಯ ಡೆಶೂಟ್ಸ್‌ನಲ್ಲಿ ಮೀನು ಮೇಲಕ್ಕೆ ಬರುತ್ತದೆ. ಅಲ್ಲಿಗೆ ತೇಲುವ, ತೆಳ್ಳಗೆ ಇಳಿಯುತ್ತ ಹೋಗುವ ಸ್ಕ್ಯಾಂಡಿ ಲೈನ್ ಚಂದ. ಅದೇ ರಾಡಿಗೆ ಸ್ಕ್ಯಾಂಡಿಯನ್ನು ಸ್ಕ್ಯಾಜಿಟ್‌ಗಿಂತ ಸ್ವಲ್ಪ ಹಗುರವಾಗಿಯೇ ಆರಿಸಬೇಕು. ಈ ಎರಡಕ್ಕೂ ಒಗ್ಗುವ ರಾಡ್ ಅಂದರೆ ನಡುವಿನವರೆಗೆ ಬಾಗುವಂಥದ್ದು. ತುದಿ ಮಾತ್ರ ಬಾಗುವ ಬಿಗಿ ರಾಡ್ ಕೈ ಪಳಗಿದವರಿಗೆ. ಬಾಗಿದ್ದು ಅಂಗೈಗೆ ತಿಳಿದರೆ ತಾನೇ ಯಾವಾಗ ಎಸೆಯಬೇಕೆಂದು ಗೊತ್ತಾಗುವುದು?

ಹೆಂಗಸರಿಗೆ ಹಗುರ, ಗಿಡ್ಡ ರಾಡ್ ಸಾಕು ಅನ್ನುವ ಮಾರಾಟಗಾರನ ಮಾತು ಕಿವಿಗೆ ಹಾಕಿಕೊಳ್ಳಬೇಡ. ಇದು ತೋಳ್ಬಲದ ಕೆಲಸವಲ್ಲ ಕಣೇ, ಬಾವಿಯ ಏತದ ಹಾಗೆ: ಮೇಲಿನ ಕೈ ನಡುವಿನ ಕಂಬ, ಕೆಳಗಿನ ಕೈ ಎಳೆದರೆ ತುದಿ ಹಾರುತ್ತದೆ. ಮೇಲಿನ ಕೈಯಿಂದ ತಳ್ಳುವ ಗಂಡಸರು ಮಧ್ಯಾಹ್ನದ ಹೊತ್ತಿಗೆ ಭುಜ ಹಿಡಿದುಕೊಂಡು ದಡದಲ್ಲಿ ಕೂತಿರುತ್ತಾರೆ, ನೋಡುತ್ತಿರು.

ಅಂಗಡಿಯಲ್ಲಿ ರಾಡ್ ಅಲ್ಲಾಡಿಸಿ ನೋಡುವುದರಿಂದ ಏನೂ ತಿಳಿಯುವುದಿಲ್ಲ. ರೀಲ್ ಹಾಕಿ, ಲೈನ್ ತುಂಬಿ, ಮೇಲಿನ ಕೈ ಕುಳಿತುಕೊಳ್ಳುವ ಕಾರ್ಕ್ ಭಾಗವನ್ನು ಒಂದೇ ಬೆರಳ ಮೇಲೆ ಇಟ್ಟು ನೋಡು. ಸಮವಾಗಿ ನಿಂತರೆ ಸರಿ. ತುದಿ ನೆಲ ನೋಡಿದರೆ ರೀಲ್ ಹಗುರವಾಯಿತು, ಸಂಜೆಯೊಳಗೆ ಮಣಿಕಟ್ಟು ಸೋಲುತ್ತದೆ. ಪ್ರಯೋಗಕ್ಕೆ ರಾಡ್ ಕೊಡುವ ಅಂಗಡಿಗಳಿವೆ, ಕೇಳಿ ತೆಗೆದುಕೊಂಡು ನೀರಿಗೇ ಹೋಗು. ಹುಲ್ಲಿನ ಮೇಲೆ ಈ ಎಸೆತ ಕಲಿಯಲಾಗದು. ಲೈನಿನ ತುದಿಯನ್ನು ನೀರು ಹಿಡಿದುಕೊಂಡರೇ ರಾಡ್ ಬಾಗುವುದು. ಕೊಕ್ಕೆಯ ಬದಲು ಉಲ್ಲನ್ ಎಳೆ ಕಟ್ಟು. ಇನ್ನೊಂದು, ರಾಡ್ ನಾಲ್ಕು ತುಂಡಿನದು, ಸ್ಪೇ ಎಸೆತ ಅದನ್ನು ಪ್ರತಿ ಸಲವೂ ತಿರುಚುತ್ತದೆ. ಜೋಡಣೆಗಳು ನಿನಗೆ ತಿಳಿಯದಂತೆ ಸಡಿಲಾಗಿ ಅಲ್ಲೇ ಸೀಳುತ್ತವೆ. ಪ್ರತಿ ಜೋಡಣೆಗೂ ಎಲೆಕ್ಟ್ರಿಕಲ್ ಟೇಪ್ ಎರಡು ಸುತ್ತು ಸುತ್ತು.

ಗಾಳಿ ಯಾವ ಕಡೆಗೆ ಬೀಸುತ್ತದೋ ಲೈನಿನ ಕಮಾನು ಆ ಬದಿಯ ಭುಜದ ಮೇಲಿರಲಿ. ಕೆಳಹೊಳೆಯ ಕಡೆಗೆ ಗಾಳಿಯಿದ್ದರೆ ಡಬಲ್ ಸ್ಪೇ ಎಂಬ ಎಸೆತ, ಮೇಲ್ಹೊಳೆಯ ಕಡೆಗಾದರೆ ಸ್ನ್ಯಾಪ್ ಟಿ ಎಂಬುದು. ಉಲ್ಟಾ ಮಾಡಿದರೆ ಕೊಕ್ಕೆ ಬಂದು ಕೂರುವುದು ಮುಖಕ್ಕೆ. ಕನ್ನಡಕವಿಲ್ಲದೆ ನೀರಿಗಿಳಿಯಲೇಬೇಡ. ಉದ್ದ ರಾಡ್ ಕೈಯಲ್ಲಿದೆ ಅಂತ ಆಚೆ ದಡಕ್ಕೆ ಎಸೆಯುವ ಚಪಲವೂ ಬೇಡ. ಸ್ಟೀಲ್‌ಹೆಡ್ ನಿಲ್ಲುವುದು ಮನುಷ್ಯ ನಡೆಯುವಷ್ಟು ವೇಗದ, ಎದೆಮಟ್ಟದ ನೀರಿನಲ್ಲಿ. ಎಷ್ಟೋ ಸಲ ಅದು ನೀನು ಧಡಧಡ ಇಳಿದು ನಿಂತ ಜಾಗವೇ ಆಗಿರುತ್ತದೆ.

ಮೀನು ತಿನ್ನದ ಮನೆಯ ಹುಡುಗಿಗೆ ಇದೇನು ಹುಚ್ಚು ಅಂತ ಅಜ್ಜಿ ಕೇಳಿಯೇ ಕೇಳುತ್ತಾಳೆ. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿದ ಕೈ ಅವಳದು. ಹಿಡಿದು ಬಿಡುತ್ತೇನೆ ಅಂದರೆ ಅವಳಿಗೆ ಸಮಾಧಾನವಾಗದು, ಆಗಬೇಕಾಗಿಯೂ ಇಲ್ಲ. ಬಿಟ್ಟ ಮೀನೆಲ್ಲ ಬದುಕುವುದಿಲ್ಲ. ಅದಕ್ಕೇ 7ಕ್ಕಿಂತ ಕೆಳಗೆ ಇಳಿಯಬೇಡ ಅನ್ನುತ್ತೇನೆ. ಮಜಾ ಬರಲಿ ಅಂತ ಸಪೂರ ರಾಡ್ ಹಿಡಿದವರು ಮೀನನ್ನು ಸುಸ್ತಾಗುವವರೆಗೆ ಆಡಿಸುತ್ತಾರೆ. ಬೇಗ ದಡಕ್ಕೆ ತಂದು, ನೀರಿನಿಂದ ಎತ್ತದೆ, ಮುಳ್ಳಿಲ್ಲದ ಕೊಕ್ಕೆ ಬಿಡಿಸಿಬಿಡು. ಬಾಲಕ್ಕೆ ಮುಂಚೆ ಬೆನ್ನ ಮೇಲೆ ಹೆಬ್ಬೆರಳ ತುದಿಯಷ್ಟು ಮೆತ್ತನೆಯ ರೆಕ್ಕೆಯಿದ್ದರೆ ಅದು ಹೊಳೆಯಲ್ಲೇ ಹುಟ್ಟಿದ ಮೀನು. ಮರಿಕೇಂದ್ರದಲ್ಲಿ ಬೆಳೆಸಿ ಬಿಟ್ಟವುಗಳಿಗೆ ಸಾಮಾನ್ಯವಾಗಿ ಅದನ್ನು ಕತ್ತರಿಸಿರುತ್ತಾರೆ. ಪ್ಯೂಜೆಟ್ ಸೌಂಡ್ ಹೊಳೆಗಳ ಸ್ಟೀಲ್‌ಹೆಡ್ 2007ರಿಂದ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಸ್ಕ್ಯಾಜಿಟ್‌ನ ವಸಂತಕಾಲದ ಸೀಸನ್ ವರ್ಷಗಟ್ಟಲೆ ಮುಚ್ಚಿದ್ದು 2018ರಲ್ಲಿ ತೆರೆಯಿತು, ಮೀನು ಕಡಿಮೆಯಾದ ವರ್ಷ ಮತ್ತೆ ಮುಚ್ಚುತ್ತಾರೆ. ಹೊರಡುವ ಹಿಂದಿನ ರಾತ್ರಿ ಮೀನು ಮತ್ತು ವನ್ಯಜೀವಿ ಇಲಾಖೆಯ ನಿಯಮ ಇನ್ನೊಮ್ಮೆ ನೋಡು.

ಪಟ್ಟಿಯಲ್ಲಿನ ಅತಿ ದುಬಾರಿ ರಾಡ್ ಬಿಡು. ಮಧ್ಯಮ ಬೆಲೆಯದನ್ನು, ಸಿಕ್ಕಿದರೆ ಸೆಕೆಂಡ್ ಹ್ಯಾಂಡ್, ತೆಗೆದುಕೊಂಡು ಉಳಿದ ದುಡ್ಡಿನಲ್ಲಿ ಎರಡು ಲೈನ್, ಮೊಳೆ ಇರುವ ಬೂಟು, ಊರುಗೋಲು ಕೊಂಡು, ಕಲಿಸುವವರ ಹತ್ತಿರ ಒಂದೆರಡು ಪಾಠ ಹೇಳಿಸಿಕೋ. ನಿಮ್ಮ ರಾಜ್ಯದಲ್ಲಿ ಮೀನು ಹಿಡಿಯುವ ಲೈಸೆನ್ಸಿನ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ಫೆಬ್ರವರಿಯಲ್ಲಿ ಆತುರಪಟ್ಟು ಇಡೀ ವರ್ಷದ್ದು ಕೊಳ್ಳಬೇಡ, ಒಂದೆರಡು ದಿನದ್ದೂ ಸಿಗುತ್ತದೆ.