ಲಿನಕ್ಸ್ ಮತ್ತು ಜನಸಾಮಾನ್ಯರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಕಲ್ಪತರು ನಾಡೆಂದು ಹೆಸರಾಗಿವೆ. ಇಲ್ಲಿಯ ರೈತನು ಸುಲಿಯದ ಕಾಯನ್ನು ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಕಾಯುತ್ತಾನೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದಾಗ ಉಂಡೆ ಉರುಳುವ ಸದ್ದು ಕೇಳಿಸಿದರೆ ಕೊಬ್ಬರಿ ಹದಕ್ಕೆ ಬಂದಿತೆಂದು ತಿಳಿಯುತ್ತಾನೆ. ಹೊರಗಿನ ಮಟ್ಟೆಯನ್ನು ನೋಡಿ ಅವನು ತೀರ್ಮಾನಿಸುವುದಿಲ್ಲ, ಕೈಗೆತ್ತಿಕೊಂಡು ಪರೀಕ್ಷಿಸುತ್ತಾನೆ. ಲಿನಕ್ಸ್ ಜನಸಾಮಾನ್ಯರ ನಿತ್ಯದ ಬಳಕೆಗೆ ಸಿದ್ಧವಾಗಿದೆಯೇ ಎಂಬ ಪ್ರಶ್ನೆಯನ್ನೂ ಹೀಗೆಯೇ ಪರೀಕ್ಷಿಸಿ ನೋಡುವುದು ಉಚಿತ.

ಗಣಕಯಂತ್ರವು ತಾನಾಗಿಯೇ ಏನನ್ನೂ ಮಾಡಲಾರದು. ಕೀಲಿಮಣೆಯಲ್ಲಿ ನಾವು ಒತ್ತಿದ ಅಕ್ಷರವನ್ನು ಗ್ರಹಿಸಿ, ತೆರೆಯ ಮೇಲೆ ಮೂಡಿಸಿ, ಕಡತವನ್ನು ಜೋಪಾನ ಮಾಡಿ, ಬೇಕಾದಾಗ ಮುದ್ರಣಯಂತ್ರಕ್ಕೆ ಒಪ್ಪಿಸುವ ಕಾರ್ಯಗಳನ್ನೆಲ್ಲ ನಡೆಸುವ ಮೂಲ ತಂತ್ರಾಂಶವೊಂದು ಇರಬೇಕು. ಇದಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ನಮ್ಮ ಕಚೇರಿಗಳಲ್ಲಿಯೂ ಅಂಗಡಿಗಳಲ್ಲಿಯೂ ಹೆಚ್ಚಾಗಿ ಕಾಣುವುದು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್. ಅದರ ಸ್ಥಾನದಲ್ಲಿ ನಿಲ್ಲಬಲ್ಲ ಮತ್ತೊಂದು ವ್ಯವಸ್ಥೆಯೇ ಲಿನಕ್ಸ್.

ತಂತ್ರಾಂಶವನ್ನು ಬಳಸುವವರಿಗೆ ಅದನ್ನು ಪರಿಶೀಲಿಸುವ, ತಿದ್ದುವ, ಇತರರಿಗೆ ಹಂಚುವ ಸ್ವಾತಂತ್ರ್ಯವೂ ಇರಬೇಕೆಂದು ವಾದಿಸಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ನರು 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ, 21 ವರ್ಷದ ಲಿನಸ್ ಟೊರ್ವಾಲ್ಡ್ಸ್, ಲಿನಕ್ಸಿನ ತಿರುಳನ್ನು ರಚಿಸಿ ಪ್ರಕಟಿಸಿದರು. ಮರುವರ್ಷ ಅದನ್ನು ಗ್ನೂ ಯೋಜನೆಯ ಪರವಾನಗಿಯಡಿ ತಂದರು. ಅಂದಿನಿಂದ ದೇಶ ದೇಶಗಳ ಸಾವಿರಾರು ಮಂದಿ ಅದನ್ನು ತಿದ್ದಿ ಬೆಳೆಸಿದ್ದಾರೆ. ಒಳ್ಳೆಯ ತಾಯಿಮರದ ಬೀಜದ ಕಾಯನ್ನು ನೆರೆಯವರಿಗೆ ಕೊಟ್ಟರೆ ಅವರ ತೋಟದಲ್ಲಿಯೂ ಅದು ಮರವಾಗುತ್ತದೆ. ಕೊಟ್ಟವನ ಮರಕ್ಕೆ ಅದರಿಂದ ಕುಂದಿಲ್ಲ. ಲಿನಕ್ಸ್ ಹರಡಿದ ಬಗೆಯೂ ಇಂಥದು.

ಇದನ್ನು ನಾವು ಅರಿಯದೆಯೇ ಬಳಸುತ್ತಿದ್ದೇವೆಂಬುದು ಕುತೂಹಲದ ಸಂಗತಿ. 2008ರಲ್ಲಿ ಮಾರುಕಟ್ಟೆಗೆ ಬಂದ ಆಂಡ್ರಾಯ್ಡ್ ಫೋನುಗಳ ತಳದಲ್ಲಿರುವುದು ಲಿನಕ್ಸಿನ ತಿರುಳೇ. ಅಂಥ ಫೋನಿನಲ್ಲಿ ಕೊಬ್ಬರಿಯ ಧಾರಣೆಯನ್ನು ನೋಡುವ ರೈತನು ಲಿನಕ್ಸಿನ ಬಳಕೆದಾರನೇ ಸರಿ. ಜಗತ್ತಿನ ಅತಿ ವೇಗದ 500 ಗಣಕಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಇರುವುವೆಲ್ಲವೂ ಲಿನಕ್ಸಿನಿಂದ ನಡೆಯುವಂಥವು. ಆದರೆ ಫೋನನ್ನು ತಯಾರಕರೇ ಸಿದ್ಧಗೊಳಿಸಿ ಕೊಡುತ್ತಾರೆ. ಮೇಜಿನ ಮೇಲಿನ ಗಣಕಕ್ಕೆ ಲಿನಕ್ಸನ್ನು ಬಹುಮಟ್ಟಿಗೆ ನಾವೇ ಹಾಕಿಕೊಳ್ಳಬೇಕು. ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಮೊದಲು ನಿತ್ಯದ ಕೆಲಸಗಳನ್ನು ನೋಡೋಣ. ಪತ್ರ ಬರೆಯುವುದು, ಲೆಕ್ಕದ ಪಟ್ಟಿ ತಯಾರಿಸುವುದು, ಅಂತರಜಾಲದಲ್ಲಿ ವಿಷಯ ಹುಡುಕುವುದು, ಚಲನಚಿತ್ರ ನೋಡುವುದು ಇವುಗಳಿಗೆ ಲಿಬ್ರೆಆಫೀಸ್, ಫೈರ್‌ಫಾಕ್ಸ್ ಮೊದಲಾದ ತಂತ್ರಾಂಶಗಳು ಲಿನಕ್ಸಿನಲ್ಲಿ ಉಚಿತವಾಗಿ ದೊರೆಯುತ್ತವೆ. ಮೊದಲ ವರ್ಷಗಳಲ್ಲಿ ಇದನ್ನು ಅಳವಡಿಸಲು ಅನೇಕ ಆಜ್ಞೆಗಳನ್ನು ಬೆರಳಚ್ಚಿಸಬೇಕಾಗಿತ್ತು. 2004ರಲ್ಲಿ ಉಬುಂಟು ಬಂದ ಮೇಲೆ ಆ ಕಷ್ಟ ಬಹಳಮಟ್ಟಿಗೆ ಕಡಿಮೆಯಾಯಿತು. ಈಗ ಪೆನ್‌ಡ್ರೈವಿನಿಂದಲೇ ಅದನ್ನು ನಡೆಸಿ, ಗಣಕದಲ್ಲಿರುವುದನ್ನು ಅಳಿಸದೆ ಪರೀಕ್ಷಿಸಬಹುದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ನ್ನು ಹೊರಲಾರದ ಹಳೆಯ ಗಣಕಗಳು ಬಹಳ. ಲಿನಕ್ಸ್ ಹಾಕಿದರೆ ಅವುಗಳಲ್ಲಿ ಅನೇಕವು ಇನ್ನೂ ಕೆಲವು ವರ್ಷ ದುಡಿಯುತ್ತವೆ. ಹೊಸ ಯಂತ್ರ ಕೊಳ್ಳಲಾಗದ ಬಡ ಶಾಲೆಗೆ ಇದು ಸಣ್ಣ ಉಪಕಾರವಲ್ಲ.

ಎರಡನೆಯದು ಕನ್ನಡದ ಪರೀಕ್ಷೆ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಆಧರಿಸಿದ 'ಕಗಪ' ವಿನ್ಯಾಸವು ಲಿನಕ್ಸಿನಲ್ಲಿದೆ. ಗುಬ್ಬಿ, ನವಿಲು ಎಂಬ ಚೆಲುವಾದ ಹೆಸರಿನ ಅಕ್ಷರರೂಪಗಳೂ ಇವೆ. ತೊಡಕಿರುವುದು ಹಳೆಯ ಕಡತಗಳಲ್ಲಿ. ಹಲವು ಲಿಪಿಗಳಿಗೆ ಪ್ರತ್ಯೇಕ ಸಂಕೇತಗಳನ್ನು ನೀಡಿದ ಯೂನಿಕೋಡ್ 1991ರಲ್ಲಿಯೇ ಪ್ರಕಟವಾದರೂ ನಮ್ಮಲ್ಲಿ ಅದರ ಬಳಕೆ ನಿಧಾನವಾಗಿ ಬಂದಿತು. ಅದಕ್ಕೆ ಮುಂಚೆ ಕನ್ನಡದ ಅಕ್ಷರಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸುತ್ತಿದ್ದರು. ಅಂಥ ಕಡತವನ್ನು ಬೇರೆ ಗಣಕದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸುತ್ತವೆ. ಹಲವು ವರ್ಷ ಬೆರಳಚ್ಚಿಸಿದ ನನ್ನ ಪ್ರಬಂಧಗಳು ಲಿನಕ್ಸಿನಲ್ಲಿ ಹೀಗೆ ಕಂಡ ದಿನ ನಾನು ದಿಗ್ಭ್ರಾಂತನಾದೆ. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಕೆಟ್ಟುಹೋದ ಒತ್ತಕ್ಷರಗಳನ್ನು ಕಾಗದದ ಪ್ರತಿಯೊಡನೆ ಹೋಲಿಸಿ ತಿದ್ದಲು ಹಲವು ರಾತ್ರಿಗಳು ಹಿಡಿದವು. ನಾವು ಬರೆದುದು ಯಾವ ಗಣಕದಲ್ಲಿಯೂ ಓದುವಂತಿರಬೇಕೆಂಬ ಪಾಠವನ್ನು ನಾನು ಕಲಿತದ್ದು ಆಗಲೇ.

ಲಿನಕ್ಸಿನ ಕೊರತೆಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ವರ್ತಕರು ಲೆಕ್ಕ ಬರೆಯುವ ಟ್ಯಾಲಿ ವಿಂಡೋಸಿಗಾಗಿ ರಚಿತವಾದುದು. ಛಾಯಾಚಿತ್ರ ತಿದ್ದುವವರು ನೆಚ್ಚಿರುವ ಫೋಟೋಶಾಪನ್ನು ಅದರ ತಯಾರಕರು ಲಿನಕ್ಸಿಗೆ ಒದಗಿಸಿಲ್ಲ. ಕೆಲವು ಮುದ್ರಣಯಂತ್ರಗಳು ಹಟ ಹಿಡಿಯುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ವಿಂಡೋಸ್ ಕೆಟ್ಟರೆ ಸರಿಪಡಿಸುವವರು ಪೇಟೆಯಲ್ಲಿ ಸಿಗುತ್ತಾರೆ. ಲಿನಕ್ಸ್ ಬಲ್ಲವರು ಸಣ್ಣ ಊರುಗಳಲ್ಲಿ ವಿರಳ. ಹಳ್ಳಿಯ ಅಂಗಡಿಯವನು 'ನನಗೆ ಬೇಡ' ಎಂದರೆ ಅವನನ್ನು ಹಳಿಯುವಂತಿಲ್ಲ.

ಈ ಕೊನೆಯ ಕೊರತೆಯನ್ನು ನೀಗುವ ಬಗೆ ಯಾವುದು? ಉತ್ತರವು ಕನ್ನಡ ಮಕ್ಕಳ ನಡುವೆಯೇ ಇದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳಿವೆ. ಕೇರಳ ಸರ್ಕಾರವು 2001ರಲ್ಲಿ ಆರಂಭಿಸಿದ 'ಐಟಿ ಅಟ್ ಸ್ಕೂಲ್' ಯೋಜನೆಯು ಮುಂದೆ ಲಿನಕ್ಸಿಗೆ ತಿರುಗಿತು. 2017ರಲ್ಲಿ 'ಕೈಟ್' ಎಂಬ ಸಂಸ್ಥೆಯಾಯಿತು. ಅದು ಲಿನಕ್ಸನ್ನು ಶಾಲೆಗಳಿಗೆ ಹೊಂದುವಂತೆ ಅಣಿಗೊಳಿಸಿತು, ಅಧ್ಯಾಪಕರಿಗೆ ತರಬೇತಿ ಕೊಟ್ಟಿತು. ಪಠ್ಯಪುಸ್ತಕಗಳು ಕನ್ನಡದಲ್ಲಿಯೂ ಬಂದವು. ನಿಮ್ಮ ವಯಸ್ಸಿನ ಅಲ್ಲಿಯ ಬಾಲಕ ಬಾಲಕಿಯರಿಗೆ ಲಿನಕ್ಸ್ ಸಿದ್ಧವೇ ಎಂಬ ಪ್ರಶ್ನೆಯೇ ಏಳುವುದಿಲ್ಲ; ಅವರು ಕಲಿತದ್ದೇ ಅದರಲ್ಲಿ. ಅಲ್ಲಿಯ ಲಿನಕ್ಸಿನ ತಿರುಳೂ ತಿಪಟೂರಿನಲ್ಲಿ ಸಿಗುವ ಲಿನಕ್ಸಿನ ತಿರುಳೂ ಒಂದೇ. ಅಲ್ಲಿ ಹೆಚ್ಚಾಗಿ ದೊರೆತದ್ದು ಕಲಿಸುವವರ ನೆರವು.

ಆದ್ದರಿಂದ ಓದು, ಬರಹ, ಅಂತರಜಾಲಗಳಲ್ಲಿ ಕೆಲಸ ಮುಗಿಯುವ ಮನೆಗೂ ಶಾಲೆಗೂ ಲಿನಕ್ಸ್ ಸಿದ್ಧವಾಗಿದೆ. ಬೇರೊಂದು ತಂತ್ರಾಂಶಕ್ಕೆ ಕಟ್ಟುಬಿದ್ದ ಉದ್ಯೋಗಸ್ಥನಿಗೆ ಇನ್ನೂ ಪೂರ್ಣವಾಗಿ ಸಿದ್ಧವಾಗಿಲ್ಲವೆಂದು ಹೇಳಬಹುದು. ಹಳೆಯ ಗಣಕವೊಂದು ನಿಮ್ಮ ಮನೆಯಲ್ಲಿಯೋ ಶಾಲೆಯಲ್ಲಿಯೋ ಮೂಲೆ ಸೇರಿದ್ದರೆ, ಹಿರಿಯರ ಅನುಮತಿ ಪಡೆದು, ಕಡತಗಳನ್ನು ಮೊದಲು ಬೇರೆಡೆ ನಕಲಿಸಿಟ್ಟು, ಪೆನ್‌ಡ್ರೈವಿನಿಂದ ಲಿನಕ್ಸನ್ನು ನಡೆಸಿ ನೋಡಿರಿ. ತಪ್ಪಿದರೆ ಬಲ್ಲವರನ್ನು ಕೇಳಿರಿ. ತಿಳಿದುದನ್ನು ಇನ್ನೊಬ್ಬರಿಗೆ ಕಲಿಸಿರಿ. ಊರಿನಲ್ಲಿ ಅದನ್ನು ಬಲ್ಲವರು ನಾಲ್ವರಾದರೆ ಅಂಗಡಿಯವನ ಅಂಜಿಕೆಯೂ ಅರ್ಧ ಕಳೆಯುತ್ತದೆ.