ಬಿಸಿಲು ತಾಗುವುದು ಮೈಗೆ ಮಾತ್ರವಲ್ಲ

ರಾಯಚೂರು, ಕಲಬುರಗಿ ಕಡೆಯ ಜನ ಒಂದು ಮಾತು ಹೇಳ್ತಾರೆ. "ನಮ್ಮಲ್ಲಿ ಇರೋದು ಎರಡೇ ಕಾಲ. ಒಂದು ಬೇಸಿಗೆ, ಇನ್ನೊಂದು ಕಡು ಬೇಸಿಗೆ!" ಇದು ನಗೆಮಾತು. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಯಾರಿಗೂ ನಗು ಬರುವುದಿಲ್ಲ.

ಅಂಥ ದಿನ ನಮಗೆ ತಲೆ ನೋಯುತ್ತದೆ. ಕೈಕಾಲು ಸೋಲುತ್ತವೆ. ಊಟ ಬೇಡ ಅನ್ನಿಸುತ್ತದೆ. ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. "ಇವಳಿಗೆ ಮೈಗಳ್ಳತನ" ಅಂತ ಮನೆಯವರು ಅಂದುಬಿಡ್ತಾರೆ. ಹೌದೇನೋ ಅಂತ ನಾವೂ ಸುಮ್ಮನಾಗ್ತೀವಿ.

ಇದು ಮೈಗಳ್ಳತನವೇ? ಅಲ್ಲ. ಹಾಗಾದರೆ ಏನು? ಬನ್ನಿ, ತಿಳಿಯೋಣ.

ಮೈ ಒಂದು ಮಣ್ಣಿನ ಗಡಿಗೆ

ಮಣ್ಣಿನ ಗಡಿಗೆಯಲ್ಲಿ ನೀರು ಯಾಕೆ ತಣ್ಣಗಿರುತ್ತದೆ? ಗಡಿಗೆ ಒಳಗಿನಿಂದ ಸ್ವಲ್ಪ ಸ್ವಲ್ಪ ಜಿನುಗುತ್ತದೆ. ಜಿನುಗಿದ ನೀರು ಗಾಳಿಗೆ ಆರುತ್ತದೆ. ಆರುವಾಗ ಬಿಸಿಯನ್ನು ತೆಗೆದುಕೊಂಡು ಹೋಗುತ್ತದೆ.

ನಮ್ಮ ಮೈ ಕೂಡ ಹಾಗೇ. ಮೈಯೊಳಗಿನ ಬಿಸಿ ಸುಮಾರು 37 ಡಿಗ್ರಿ ಇರಬೇಕು. ಹೆಚ್ಚಾದರೆ ಬೆವರು ಬರುತ್ತದೆ. ಬೆವರು ಆರಿದಾಗ ಮೈ ತಂಪಾಗುತ್ತದೆ.

ಬೆವರಿನ ಜೊತೆ ನೀರು ಹೋಗುತ್ತದೆ, ಉಪ್ಪೂ ಹೋಗುತ್ತದೆ. ಹೋದದ್ದನ್ನು ನಾವು ತುಂಬಿಕೊಡಬೇಕು. ಇಲ್ಲದಿದ್ದರೆ ತಲೆಸುತ್ತು, ವಾಕರಿಕೆ, ಸುಸ್ತು ಶುರುವಾಗುತ್ತವೆ. ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ.

ಮನಸ್ಸಿಗೂ ಸೆಕೆ

ತಗಡಿನ ಮನೆ ರಾತ್ರಿಯೂ ಕಾದಿರುತ್ತದೆ. ಸೆಕೆಗೆ ನಿದ್ದೆ ಹತ್ತುವುದಿಲ್ಲ. ನಿದ್ದೆ ಕೆಟ್ಟರೆ ಮರುದಿನ ತಲೆ ಓಡುವುದಿಲ್ಲ. ಬೇಗ ಸಿಟ್ಟು ಬರುತ್ತದೆ, ಸುಮ್ಮನೆ ಅಳು ಬರುತ್ತದೆ. ಅತ್ತೆಗೂ ನಿದ್ದೆ ಇಲ್ಲ, ಸೊಸೆಗೂ ನಿದ್ದೆ ಇಲ್ಲ. ಆಮೇಲೆ ಒಂದು ಕೊಡ ನೀರಿಗೂ ಜಗಳ!

ಇದು ಗ್ರಹಚಾರ ಅಲ್ಲ. ಯಾರ ಗುಣವೂ ಕೆಟ್ಟಿಲ್ಲ. ದಣಿದ ಮೈ ಮನಸ್ಸನ್ನೂ ದಣಿಸಿದೆ. ಇಷ್ಟು ತಿಳಿದರೂ ಮನೆಯಲ್ಲಿ ಅರ್ಧ ಜಗಳ ಕಡಿಮೆ ಆಗುತ್ತದೆ. "ಬಾರವ್ವ, ಸ್ವಲ್ಪ ಮಜ್ಜಿಗೆ ಕುಡಿ, ಆಮೇಲೆ ಮಾತಾಡೋಣ" ಅನ್ನಬಹುದಲ್ಲ?

ನಮ್ಮ ಕಷ್ಟವೇ ಬೇರೆ

ಹೊಲದಲ್ಲಿ ಬಿಸಿಲು. ಮನೆಗೆ ಬಂದರೆ ಒಲೆಯ ಝಳ. ಹೆಂಗಸರಿಗೆ ಎರಡು ಕಡೆಯೂ ಬೆವರು.

ಇನ್ನೊಂದು ಮಾತು ನಾವು ಯಾರ ಮುಂದೆಯೂ ಹೇಳುವುದಿಲ್ಲ. ಕೆಲಸದ ಜಾಗದಲ್ಲಿ ಮೂತ್ರಕ್ಕೆ ಹೋಗಲು ಮರೆ ಇರುವುದಿಲ್ಲ. ಅದಕ್ಕೇ ನೀರನ್ನೇ ಕುಡಿಯದೆ ಇರ್ತೀವಿ. ಬಂದರೂ ತಡೆದುಕೊಳ್ತೀವಿ. ಇದರಿಂದ ಉರಿಮೂತ್ರ ಬರಬಹುದು, ಸೋಂಕು ಆಗಬಹುದು. ಮೂತ್ರ ಗಾಢ ಹಳದಿಯಾದರೆ ಮೈಯಲ್ಲಿ ನೀರು ಸಾಲದು ಎಂದು ತಿಳಿಯಬೇಕು. ನೀರು, ನೆರಳು, ಮರೆ ಇವನ್ನು ಕೇಳಲು ನಾಚಿಕೆ ಬೇಡ. ಒಬ್ಬಳೇ ಕೇಳುವುದು ಕಷ್ಟ. ನಾಲ್ಕು ಜನ ಸೇರಿ ಕೇಳೋಣ.

ಬಸುರಿಯರು, ಎಳೆಮಕ್ಕಳು, ಮುದುಕರು, ಬಿ.ಪಿ., ಸಕ್ಕರೆ ಕಾಯಿಲೆ ಇರುವವರು ಹೆಚ್ಚು ಜೋಪಾನವಾಗಿರಬೇಕು.

ನಾವು ಏನು ಮಾಡೋಣ?

• ಬಾಯಾರಿಕೆ ಆಗುವ ತನಕ ಕಾಯುವುದು ಬೇಡ. ಆಗಾಗ ನೀರು ಕುಡಿಯೋಣ.
• ಮಜ್ಜಿಗೆ, ಅಂಬಲಿ, ಉಪ್ಪು ಹಾಕಿದ ನಿಂಬೆ ಪಾನಕ ಒಳ್ಳೆಯದು.
• ತುಂಬಾ ಬೆವರಿ ಸುಸ್ತಾದರೆ ಓ.ಆರ್.ಎಸ್. ಕುಡಿಯೋಣ. ಪೊಟ್ಟಣ ಇಲ್ಲವೇ? 1 ಲೀಟರ್ ಶುದ್ಧ ನೀರಿಗೆ 6 ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು ಹಾಕಿ ಕಲಸಿ. ಚಮಚ ಸಮಮಟ್ಟ ಇರಲಿ. ಉಪ್ಪು ಹೆಚ್ಚಾಗಬಾರದು.
• ತೆಳುವಾದ ಹತ್ತಿ ಬಟ್ಟೆ ಉಡೋಣ. ತಲೆಗೆ ಸೆರಗೋ ಟವೆಲೋ ಇರಲಿ.
• ಹೊಲದ ಕೆಲಸ ಬೆಳಿಗ್ಗೆ ಬೇಗ ಶುರುಮಾಡೋಣ. ಮಧ್ಯಾಹ್ನ ನೆರಳಿಗೆ ಬರೋಣ.

2025ರ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿಗಳ ಸಮಯ ಬದಲಾಯಿತು. ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ಮಾತ್ರ ಕೆಲಸ. ಫ್ಯಾನಿನ ಕೆಳಗೆ ಕೂರುವವರಿಗೇ ಇಷ್ಟು ಕಾಳಜಿ ಬೇಕು. ಬಯಲಲ್ಲಿ ಬಗ್ಗಿ ದುಡಿಯುವ ನಮಗೆ ಬೇಡವೇ?

ಇದು ಪ್ರಾಣಕ್ಕೆ ಅಪಾಯ

ಮೈ ಸುಡುತ್ತಿದೆ. ಮಾತು ತೊದಲುತ್ತಿದೆ. ಎಲ್ಲಿದ್ದೇನೆ ಎಂದೇ ತಿಳಿಯುತ್ತಿಲ್ಲ. ಫಿಟ್ಸ್ ಬರುತ್ತದೆ, ಇಲ್ಲವೇ ಎಚ್ಚರ ತಪ್ಪುತ್ತದೆ. ಇದು ಬಿಸಿಲಿನ ಹೊಡೆತ. ದೆವ್ವ ಹಿಡಿದದ್ದಲ್ಲ. ದೃಷ್ಟಿ ತೆಗೆಯುತ್ತಾ ಕೂತರೆ ಜೀವ ಹೋಗಬಹುದು.

ಕೂಡಲೇ 108ಕ್ಕೆ ಫೋನ್ ಮಾಡಿ. ಅವರನ್ನು ನೆರಳಿಗೆ ತನ್ನಿ. ಬಟ್ಟೆ ಸಡಿಲಿಸಿ. ಮೈಮೇಲೆ ತಣ್ಣೀರು ಹಾಕಿ, ಗಾಳಿ ಬೀಸಿ. ಕುತ್ತಿಗೆ, ಕಂಕುಳಲ್ಲಿ ಒದ್ದೆ ಬಟ್ಟೆ ಇಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಲೇಬೇಡಿ. ಅದು ಶ್ವಾಸಕ್ಕೆ ಹೋಗುತ್ತದೆ.

ಮಳೆ ಬಂದರೂ ಮನಸ್ಸು ತಣಿಯದಿದ್ದರೆ?

ಸೆಕೆಯ ಸಿಟ್ಟು ಮೊದಲ ಮಳೆಗೆ ಇಳಿಯುತ್ತದೆ. ಆದರೆ ಕೆಲವರ ದುಃಖ ಇಳಿಯುವುದಿಲ್ಲ. ಮಳೆ ಕೈಕೊಟ್ಟು ಸಾಲದ ಚಿಂತೆ ಹತ್ತಿರಬಹುದು. ಎರಡು ವಾರ ಕಳೆದರೂ ಬೇಸರ ಹೋಗದಿದ್ದರೆ, ಬದುಕೇ ಬೇಡ ಅನ್ನಿಸಿದರೆ, ಅದನ್ನು ನುಂಗಿಕೊಂಡು ಇರಬಾರದು. 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್. 2022ರಲ್ಲಿ ಶುರುವಾಯಿತು. ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಾಗಿಲ್ಲ. ಆಶಾ ಕಾರ್ಯಕರ್ತೆಗೂ ಹೇಳಬಹುದು.

ಮೈಗೆ ಜ್ವರ ಬಂದರೆ ಹೇಳ್ತೀವಿ. ಮನಸ್ಸು ನೊಂದರೂ ಹೇಳೋಣ.

ಓದಿ, ಮಾತಾಡಿ

1. ಗಡಿಗೆಯ ನೀರು ಯಾಕೆ ತಣ್ಣಗಿರುತ್ತದೆ?
2. ಎಚ್ಚರ ತಪ್ಪಿದವರಿಗೆ ನೀರು ಕುಡಿಸಬಹುದೇ? ಯಾಕೆ?
3. ನಿಮ್ಮ ಕೆಲಸದ ಜಾಗದಲ್ಲಿ ನೀರು, ನೆರಳು, ಮರೆ ಇದೆಯೇ? ಇಲ್ಲದಿದ್ದರೆ ಯಾರನ್ನು ಕೇಳಬೇಕು?
4. 108, 14416. ಈ ಎರಡು ಸಂಖ್ಯೆಗಳನ್ನು ದೊಡ್ಡದಾಗಿ ಬರೆದು ಮನೆಯ ಗೋಡೆಗೆ ಅಂಟಿಸಿ.