ರೆಫರೆನ್ಸ್ ವೋಲ್ಟೇಜ್ ಜಾರುತ್ತಿದೆಯೇ? ಐಸಿ ಬದಲಿಸುವ ಮುನ್ನ ಗ್ರೌಂಡ್ ನೋಡಿ

ಮನೆಯಲ್ಲೇ ವೋಲ್ಟೇಜ್ ರೆಫರೆನ್ಸ್ ಕಟ್ಟಿದವರ ದೂರು ಒಂದೇ: 'ರೀಡಿಂಗ್ ನಿಲ್ಲುತ್ತಿಲ್ಲ, ಐಸಿ ನಕಲಿ ಇರಬೇಕು.' ಬಹಳ ಸಲ ಐಸಿ ಸರಿಯಾಗಿಯೇ ಇರುತ್ತದೆ, ತಪ್ಪು ವೈರಿಂಗ್‌ನದು. ಹವ್ಯಾಸಿಗಳ ಮೆಚ್ಚಿನ ಎಲ್‌ಎಂ399 ಇಟ್ಟುಕೊಂಡೇ ಹೇಳುತ್ತೇನೆ. ಸುಮಾರು 6.95 ವೋಲ್ಟ್ ಕೊಡುವ ಝೀನರ್ ಇದು. ಒಳಗಿನ ಹೀಟರ್ ಚಿಪ್ಪನ್ನು 90 ಡಿಗ್ರಿ ಆಸುಪಾಸಿನಲ್ಲಿ ಬಿಸಿಯಾಗಿಯೇ ಇಡುತ್ತದೆ.

ಆನ್ ಮಾಡಿ ಅರ್ಧ ಗಂಟೆ ಬಿಡಿ. ಆಮೇಲೂ ಕೊನೆಯ ಅಂಕಿ ಹಿಂದೆಮುಂದೆ ಕುಣಿದರೆ ನಾಯ್ಸ್. ಬೆಳಗಿನಿಂದ ಸಂಜೆಗೆ ಒಂದೇ ಕಡೆ ಜಾರಿದರೆ ಡ್ರಿಫ್ಟ್. ಇಂಥವೇ ಎರಡು ಸರ್ಕ್ಯೂಟ್ ಇದ್ದರೆ ಮೈನಸ್ ತುದಿಗಳನ್ನು ಜೋಡಿಸಿ, ಪ್ಲಸ್ ತುದಿಗಳ ನಡುವಿನ ವ್ಯತ್ಯಾಸವನ್ನು ಮಿಲಿವೋಲ್ಟ್ ರೇಂಜಿನಲ್ಲಿ ಓದಿ. ಸಣ್ಣ ಬದಲಾವಣೆಯೂ ಕಾಣುತ್ತದೆ.

ನಾಯ್ಸ್ ಇದ್ದರೆ ಅಡಾಪ್ಟರ್ ಕಿತ್ತು, ಯುಪಿಎಸ್‌ನ 12 ವೋಲ್ಟ್ ಬ್ಯಾಟರಿಗೆ ಕೊಟ್ಟು ನೋಡಿ. ಕುಣಿತ ನಿಲ್ಲದಿದ್ದರೆ ಫ್ಯಾನ್ ಆರಿಸಿ. ಈ ಐಸಿಯ ಕಾಲುಗಳು ಕೋವಾರ್ ಎಂಬ ಮಿಶ್ರಲೋಹದವು. ತಾಮ್ರಕ್ಕೆ ಸೋಲ್ಡರ್ ಆದಲ್ಲಿ ಥರ್ಮೋಕಪಲ್ ಆಗಿಬಿಡುತ್ತವೆ. ಎರಡು ಕಾಲುಗಳ ನಡುವೆ 1 ಡಿಗ್ರಿ ಹೆಚ್ಚುಕಮ್ಮಿಯಾದರೆ ಸುಮಾರು 35 ಮೈಕ್ರೊವೋಲ್ಟ್ ಸೇರಿಕೊಳ್ಳುತ್ತದೆ. ಡಬ್ಬಿ ಕವುಚಿಡಿ, ಬೋರ್ಡಿನ ಅಡಿಯಲ್ಲೂ ಗಾಳಿ ಆಡಬಾರದು.

ಡ್ರಿಫ್ಟ್ ಆದರೆ ನೇರ ಗ್ರೌಂಡಿಗೆ ಬನ್ನಿ. ನಾನು ನೋಡಿದ ಬೋರ್ಡುಗಳಲ್ಲಿ ಮತ್ತೆ ಮತ್ತೆ ಸಿಗುವ ತಪ್ಪು ಇದು: ಹೀಟರ್‌ನ ಮೈನಸ್ಸನ್ನೂ ಝೀನರ್‌ನ ಮೈನಸ್ಸನ್ನೂ ಬ್ರೆಡ್‌ಬೋರ್ಡಿನ ಒಂದೇ ಸಾಲಿಗೆ ಚುಚ್ಚಿ, ಅಲ್ಲಿಂದ ಒಂದೇ ಕಪ್ಪು ವೈರು ಎಳೆದಿರುತ್ತಾರೆ. ಸಂಜೆ ಕೋಣೆ ತಣ್ಣಗಾದಂತೆ ಹೀಟರ್ ಹೆಚ್ಚು ಕರೆಂಟ್ ಎಳೆಯುತ್ತದೆ. 3 ಮಿಲಿಆಂಪಿಯರ್ ಹೆಚ್ಚಿತು ಎನ್ನಿ. ಆ ದಾರಿಯಲ್ಲಿ 0.05 ಓಮ್ ಇದ್ದರೂ 150 ಮೈಕ್ರೊವೋಲ್ಟ್ ಔಟ್‌ಪುಟ್‌ಗೆ ಬಂದು ಕೂರುತ್ತದೆ. ಅಂದರೆ ಸುಮಾರು 20 ಪಿಪಿಎಂ. ಸಾಮಾನ್ಯವಾಗಿ ಡಿಗ್ರಿಗೆ ಅರ್ಧ ಪಿಪಿಎಂ ಕೂಡ ಜಾರದ ಐಸಿಯನ್ನು ಹೀಗೆ ಹಾಳುಮಾಡಬೇಡಿ. ಹೀಟರ್‌ನ ಮೈನಸ್ಸನ್ನು ಬೇರೆ ವೈರಿನಲ್ಲಿ ಸೀದಾ ಬ್ಯಾಟರಿಗೆ ಒಯ್ಯಿರಿ. ಝೀನರ್‌ನದು ಅಲ್ಲೇ ಬಂದು ಸೇರಲಿ. ಮೀಟರಿನ ಕಪ್ಪು ಕ್ಲಿಪ್ಪನ್ನು ಝೀನರ್ ಕಾಲಿನ ಬುಡಕ್ಕೇ ಹಾಕಿ. ವೈರು ಬದಲಿಸಿದ ಕೂಡಲೇ ರೀಡಿಂಗ್ ಜಿಗಿದರೆ ರೋಗ ಅಲ್ಲೇ ಇತ್ತು. ಬ್ರೆಡ್‌ಬೋರ್ಡ್ ಮೇಲೆ ರೆಫರೆನ್ಸ್ ಕಟ್ಟಲೇಬೇಡಿ, ಸೋಲ್ಡರ್ ಮಾಡಿ.

ಇಷ್ಟಾದರೂ ಜಾರಿದರೆ, ಝೀನರ್ ಮುಂದೆ ಆಪ್‌ಆಂಪ್ ಹಾಕಿದ್ದಲ್ಲಿ ಅದರ ಸುತ್ತಲಿನ ರೆಸಿಸ್ಟರ್ ನೋಡಿ: ಕಾರ್ಬನ್ ಬೇಡ, 15 ಪಿಪಿಎಂನ ಮೆಟಲ್ ಫಿಲ್ಮ್ ಹಾಕಿ. ಅಂಟಿದ ಫ್ಲಕ್ಸನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆಯಿರಿ. ಹೊಸ ಐಸಿಯನ್ನು ಕೆಲವು ವಾರ ಆನ್‌ನಲ್ಲೇ ಬಿಟ್ಟು, ನಂತರವೇ ಕ್ಯಾಲಿಬ್ರೇಟ್ ಮಾಡಿ.